ಕೊನೆಯ ಸಾಲಿನ ಎಡಮೂಲೆ

ಮಂಡಿ ಕೈಕೊಟ್ಟ ಮೇಲೆ ನಾನು ತೈ ಚಿ ಕಲಿಸುವುದನ್ನು ಬಿಟ್ಟೆ. ಸನತ್‌ನಗರದ ನನ್ನ ತರಗತಿಯನ್ನು ಈಗ ಶ್ರಾವಣಿ ನಡೆಸುತ್ತಾಳೆ. ಅವಳ ಕೈಕೆಳಗೆ ಕಲಿಸಲು ಬಂದ ಹೊಸ ಹುಡುಗಿಯರು, ಸಾಲಿನ ನಾಲ್ಕು ಮೂಲೆಗೆ ಯಾರನ್ನು ನಿಲ್ಲಿಸಬೇಕು ಎಂದು ಕೇಳಿದರಂತೆ. ಶ್ರಾವಣಿ, "ಅದನ್ನ ಮೇಡಂನೇ ಕೇಳಿ" ಎಂದು ನನ್ನ ಮನೆಯ ವಿಳಾಸ ಕೊಟ್ಟು ಸುಮ್ಮನಾದಳಂತೆ. ಅವಳು ಯಾಕೆ ಸುಮ್ಮನಾದಳು ಎಂದು ನನಗೆ ಗೊತ್ತು. ಆ ಹುಡುಗಿಯರು ಬಂದು ನನ್ನೆದುರು ಕೂತಾಗ ನನಗೂ ಥಟ್ಟನೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ನಂಬುವುದು, ಮುದುಕಿಗೆ ತಲೆ ಕೆಟ್ಟಿದೆ ಎಂದು ನಗುವುದು, ಎರಡೂ ನಿಮಗೇ ಬಿಟ್ಟದ್ದು.

ನಮ್ಮದು ಬೀದರ್ ಕಡೆಯ ಮನೆತನ. ನಾನು ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದ್. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಜಾರಿಗೆ ಇಳಿದರೆ ಉರ್ದು. ನಾನು ಮಾಳಿಗೆಯ ಮೇಲೆ ಅಭ್ಯಾಸ ಮಾಡುವಾಗ ನಮ್ಮವ್ವ, "ಏನ ಹುಚ್ಚಾಟ ಇದು, ಗಾಳಿಗಿ ಕೈ ಬೀಸಾಕತ್ತಿ? ಮಂದಿ ನೋಡಿದ್ರ ಏನ ಅಂದಾರು?" ಎಂದು ಬೈಯುತ್ತಿದ್ದಳು. ಕತ್ತಿ ಹಿಡಿಯಲು ಶುರು ಮಾಡಿದ ಮೇಲೆ ಬೈಯುವುದನ್ನು ಬಿಟ್ಟಳು. ಹೆದರಿದ್ದಳೋ ಏನೋ.

ನನಗೆ ಕಲಿಸಿದವರು ಒಬ್ಬ ತೆಲುಗು ಮಾಸ್ಟರು. ಹಡಗಿನಲ್ಲಿ ಕೆಲಸ ಮಾಡಿ, ಯಾವುದೋ ಬಂದರಿನಲ್ಲಿ ಒಬ್ಬ ಚೀನೀ ಮುದುಕನಿಂದ ಕಲಿತು ಬಂದವರು. ಮೊದಲು ಯಾಂಗ್ ಶೈಲಿ: ಒಂದೇ ಸಮನೆ, ಎಲ್ಲೂ ಅವಸರವಿಲ್ಲ. ಆಮೇಲೆ ಚೆನ್ ಶೈಲಿ: ಸುತ್ತಿ ಸುತ್ತಿ ಬಂದು ಧಡ್ಡನೆ ಕಾಲು ಅಪ್ಪಳಿಸುವುದು. ಮಂಡಿ ನೋವಿನವರಿಗೆ ಸುನ್ ಶೈಲಿ, ಅದರಲ್ಲಿ ಹೆಚ್ಚು ಕುಕ್ಕರಿಸುವುದಿಲ್ಲ. ಬರಿಗೈ ಪಳಗಿದ ಮೇಲೆ ಬೀಸಣಿಗೆ, ನೇರ ಕತ್ತಿ, ಬಾಗಿದ ಕತ್ತಿ, ಕಡೆಗೆ ಈಟಿ. ಮಾಸ್ಟರಿಗೆ ಸಿಟ್ಟು ಜಾಸ್ತಿ. ಕತ್ತಿಯ ತುದಿ ನೆಲಕ್ಕೆ ತಾಗಿದರೆ ಆ ದಿನ ಪೂರ್ತಿ ನಮ್ಮ ಜೊತೆ ಮಾತಾಡುತ್ತಿರಲಿಲ್ಲ. ಮಾತಾಡದೆ ಇದ್ದರೂ ಚಹಾ ಮಾತ್ರ ನಮ್ಮ ಜೊತೆಯೇ ಕುಡಿಯುತ್ತಿದ್ದರು.

ಮೂಲೆಯ ನಿಯಮ ಅವರದೇ. ಕೇಳಿ. ತೈ ಚಿಯಲ್ಲಿ ಸಾಲುಗಟ್ಟಿ ನಿಂತು ಎಲ್ಲರೂ ಒಟ್ಟಿಗೆ ಚಲಿಸುತ್ತೇವೆ. ಮುಂದೆ ಗುರು ನಿಂತಿರುತ್ತಾರೆ, ಅವರನ್ನು ನೋಡಿ ಮಾಡುತ್ತೇವೆ. ಆದರೆ ನಡುವೆ ಎಲ್ಲರೂ ಹಿಂದಕ್ಕೆ ತಿರುಗಬೇಕಾಗುತ್ತದೆ. ಕತ್ತಿಯ ಪಾಠದಲ್ಲಂತೂ ಮತ್ತೆ ಮತ್ತೆ. ತಿರುಗಿದ ಕೂಡಲೇ ಗುರು ಎಲ್ಲರ ಬೆನ್ನ ಹಿಂದೆ, ಕೊನೆಯ ಸಾಲಿನವರು ಎಲ್ಲರ ಮುಂದೆ. ಅದಕ್ಕೇ ನಾಲ್ಕು ಮೂಲೆಯಲ್ಲಿ ಗಟ್ಟಿಯಾಗಿ ಕಲಿತವರೇ ಇರಬೇಕು. ಮೂಲೆಯವರು ತಪ್ಪಿದರೆ ಸಾಲೆಲ್ಲ ತಪ್ಪುತ್ತದೆ. ಮೂಲೆಯವರು ಬಿಟ್ಟು ಹೋದರೆ, ಇನ್ನೊಬ್ಬರು ತಯಾರಾಗುವ ತನಕ ಜಾಗ ಖಾಲಿ ಇಡಬೇಕು, ಅರೆಬರೆ ಕಲಿತವರನ್ನು ನಿಲ್ಲಿಸಬಾರದು. ಖಾಲಿ ಇಟ್ಟರೆ ಏನಾಗಬಹುದು ಎಂದು ಮಾಸ್ಟರು ಹೇಳಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದೇ ನನ್ನ ಅಂದಾಜು.

ಈ ವೃತ್ತಿಗೆ ಬರುವವರಿಗೆ ಒಂದೆರಡು ಸಣ್ಣ ಮಾತು. ಕತ್ತಿಯನ್ನು ಚೀಲವಿಲ್ಲದೆ ಹಿಡಿದು ಆಟೋ ಹತ್ತಬೇಡಿ. ನಾನು ಒಮ್ಮೆ ಕತ್ತಿಗೆ ಬಟ್ಟೆಯ ಚೀಲ ಹೊಲಿಸಲು ಸುಲ್ತಾನ್ ಬಜಾರಿಗೆ ಹೋಗಿದ್ದೆ. ದರ್ಜಿ ಅಳತೆ ಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಹಿಂದೆ ಸರಿದ. "ಅಮ್ಮಾ, ಮನೆಯಲ್ಲಿ ಎಲ್ಲರೂ ಖೈರಿಯತ್ತಾ?" ಎಂದು ಕ್ಷೇಮ ವಿಚಾರಿಸಿದ. ನಾಟಕದ ಕತ್ತಿ ಎಂದು ಸುಳ್ಳು ಹೇಳಿದ ಮೇಲೆಯೇ ಹೊಲಿದುಕೊಟ್ಟದ್ದು.

ಇನ್ನೊಂದು, ಫೋನಿನಲ್ಲಿ ನೋಡಿ ಕಲಿಯುವುದು. ಮಣಿಕೊಂಡ ಬಡಾವಣೆಯಲ್ಲಿ ಕೆಲವು ದಿನ ಒಬ್ಬ ಮಾಲೀಕನ ಸ್ಟುಡಿಯೋದಲ್ಲಿ ಕಲಿಸಿದೆ. ಆ ಮಾಲೀಕನಿಗೆ ಗೋಡೆ ತುಂಬ ಕನ್ನಡಿ ಬೇಕು, ತಿಂಗಳಿಗೊಂದು ಶೈಲಿ ಮುಗಿಯಬೇಕು. ಅಲ್ಲಿಗೆ ಒಬ್ಬಳು ಬಂದಳು. ವಿಡಿಯೋ ನೋಡಿಯೇ ಕತ್ತಿಯ ಪಾಠ ಪೂರ್ತಿ ಕಲಿತಿದ್ದಳು. ಎಷ್ಟು ಚೆನ್ನಾಗಿ! ಆದರೆ ಎಡ ಬಲ ಎಲ್ಲ ಅದಲುಬದಲು. ಕತ್ತಿ ಎಡಗೈಯಲ್ಲಿ. ಅವಳಿಗೆ ಎದುರಾಗಿ ನಿಂತು ಮಾಡಿದಾಗ ಕನ್ನಡಿಯೊಳಗಿನ ನಾನೇ ಹೊರಗೆ ಬಂದು ನಿಂತ ಹಾಗೆ ಕಂಡು ಮೈ ಜುಮ್ಮೆಂದಿತು. ಕಣ್ಣು ಯಾರನ್ನು ನೋಡುತ್ತದೋ ಮೈ ಅವರಾಗಿಬಿಡುತ್ತದೆ. ನಮ್ಮ ಕೆಲಸದ ಅನುಕೂಲವೂ ಅದೇ, ಅಪಾಯವೂ ಅದೇ.

ಈಗ ಬಸವರಾಜಪ್ಪನವರ ಮಾತಿಗೆ ಬರುತ್ತೇನೆ.

ಸನತ್‌ನಗರದಲ್ಲಿ ಒಂದು ಮುಚ್ಚಿದ ಕಾರ್ಖಾನೆಯ ಅಂಗಳದಲ್ಲಿ ಬೆಳಿಗ್ಗೆ ನಮ್ಮ ತರಗತಿ ನಡೆಯುತ್ತಿತ್ತು. ಸಿಮೆಂಟಿನ ನೆಲ, ಸುತ್ತ ಬೇವಿನ ಮರ. ಅಂಗಳದ ಹಿಂದಿನ ತುದಿಯಲ್ಲಿ ಹಿಂದೆ ಯಂತ್ರಗಳನ್ನು ತಣಿಸಲು ಕಟ್ಟಿದ ನೀರಿನ ಹೊಂಡ. ಅದರ ಕಟ್ಟೆ ಒಂದು ಕಡೆ ಒಡೆದು ಹೋಗಿತ್ತು. ನೀರು ಹಸಿರಾಗಿ, ಅಲುಗಾಡದೆ ನಿಂತಿರುತ್ತಿತ್ತು. ಆಳ ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ. ನಾವು ಅದರಿಂದ ಸಾಕಷ್ಟು ದೂರದಲ್ಲೇ ನಿಲ್ಲುತ್ತಿದ್ದೆವು.

ಬಸವರಾಜಪ್ಪ ಯಾದಗಿರಿ ಕಡೆಯವರು. ಹರೆಯದಲ್ಲೇ ಇಲ್ಲಿಗೆ ಬಂದು ಲೇತ್ ಯಂತ್ರದ ಮೇಲೆ ದುಡಿದು ನಿವೃತ್ತರಾದವರು. ಕೊನೆಯ ಸಾಲಿನ ಎಡಮೂಲೆ ಅವರದು. ಅವರ ಎಡ ಸೊಂಟಕ್ಕೆ ಹಳೆಯ ಪೆಟ್ಟು. ಕತ್ತಿಯ ಪಾಠದಲ್ಲಿ 'ನೀರೊಳಗಿನ ಚಂದ್ರನನ್ನು ಎತ್ತುವುದು' ಎಂಬ ಒಂದು ಚಲನೆ ಇದೆ. ಬಗ್ಗಿ, ಕತ್ತಿಯನ್ನು ಕೆಳಗಿನಿಂದ ಗೋರಿ ಮೇಲಕ್ಕೆ ತರಬೇಕು, ಎಲ್ಲೂ ನಿಲ್ಲಿಸದೆ. ಬಸವರಾಜಪ್ಪನವರಿಗೆ ಅಲ್ಲಿ ಸೊಂಟ ಹಿಡಿಯುತ್ತಿತ್ತು. ಒಂದು ಕ್ಷಣ ನಿಂತು, ಎಡಗಾಲನ್ನು ಸರ್ರನೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು ಏಳುತ್ತಿದ್ದರು. ಆ ಹೊತ್ತಿಗೆ ಸಾಲು ಹಿಂದಕ್ಕೆ ತಿರುಗಿರುತ್ತಿದ್ದರಿಂದ, ಅವರ ಹಿಂದಿದ್ದವರೆಲ್ಲ ಅವರನ್ನು ನೋಡಿ ತಾವೂ ನಿಂತು, ತಾವೂ ಕಾಲು ಎಳೆಯುತ್ತಿದ್ದರು! "ಬಸವರಾಜಪ್ಪನೋರ, ನಿಮ್ಮ ಸೊಂಟದ ನೋವು ಎಲ್ಲರಿಗೂ ಹಂಚಬ್ಯಾಡ್ರಿ" ಎಂದರೆ, "ಪ್ರಸಾದ ಅಂತ ತೊಗೊಳ್ಳಿ ಬಿಡ್ರಿ ಅಕ್ಕೋರ" ಎಂದು ನಗುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎನ್ನುವುದು ರೂಢಿ.

ಅವರ ಹೆಂಡತಿ ನೀಲಮ್ಮ ದಿನವೂ ಜೊತೆಗೆ ಬರುತ್ತಿದ್ದಳು. ನನ್ನ ವಾರಿಗೆಯವಳು. ಅವರು ಮುಂದೆ ಮುಂದೆ, ಈಕೆ ನಾಲ್ಕು ಮಾರು ಹಿಂದೆ. "ಬಡಬಡ ಬಾ, ಕಾಲಾಗ ಏನ ಬೇಡಿ ಹಾಕ್ಯಾರೇನ?" ಎಂದು ಅವರು ಗೇಟಿನಿಂದಲೇ ಗದರುವುದು ನಮಗೆಲ್ಲ ಕೇಳುತ್ತಿತ್ತು. ಈಕೆ ಬೇವಿನ ಕಟ್ಟೆಯ ಮೇಲೆ ಕೂತು, ಮುಗಿಯುವ ತನಕ ನೋಡುತ್ತಿದ್ದಳು. ವರ್ಷಗಟ್ಟಲೆ ಹಾಗೆ ನೋಡಿದಳು.

ಒಂದು ದಿನ ಬಸವರಾಜಪ್ಪ ಮಲಗಿದಲ್ಲೇ ಹೋಗಿಬಿಟ್ಟರು. ನನಗೆ ತುಂಬಾ ದುಃಖವಾಯಿತು. ಒಳ್ಳೆಯ ಮನುಷ್ಯ. ನಿಯಮದಂತೆ ಅವರ ಮೂಲೆಯನ್ನು ಖಾಲಿ ಇಟ್ಟೆ.

ಮುಂದಿನ ತಿಂಗಳು ನೀಲಮ್ಮ ಗಂಡನ ಮರದ ಕತ್ತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, "ನಾನೂ ಕಲೀತೀನ್ರಿ ಅಕ್ಕೋರ" ಎಂದಳು. ನಾನು ಸಂತೋಷದಿಂದ ಒಪ್ಪಿದೆ. ಅವಳಿಗೆ ಕಲಿಸುವುದು ಏನೂ ಇರಲಿಲ್ಲ, ನೋಡಿ ನೋಡಿಯೇ ಎಲ್ಲ ಬರುತ್ತಿತ್ತು. ಖಾಲಿ ಮೂಲೆಗಿಂತ ಒಂದು ಸಾಲು ಮುಂದೆ ನಿಂತಳು. ಎಲ್ಲರೂ ತಿರುಗಿದಾಗ ಅವಳ ಮುಂದೆ ಬರುವುದು ಆ ಖಾಲಿ ಜಾಗವೇ. ಅದೇ ದಿನಗಳಲ್ಲಿ ಶ್ರಾವಣಿ ಸೇರಿ, ನೀಲಮ್ಮನ ಪಕ್ಕ ನಿಂತಳು. ಬ್ಯಾಂಕಿನಲ್ಲಿ ಕೆಲಸದ ತೆಲುಗು ಹುಡುಗಿ. ಬಸವರಾಜಪ್ಪನವರನ್ನು ಅವಳು ಕಂಡವಳೇ ಅಲ್ಲ. ಒಂದು ಹೆಜ್ಜೆಯೂ ನೆನಪಿರುತ್ತಿರಲಿಲ್ಲ, ಮುಂದಿನವರ ಕಾಲು ನೋಡಿಯೇ ಕಾಲಿಡುವವಳು.

ಕತ್ತಿಯ ಪಾಠ. ಎಲ್ಲರೂ ಹಿಂದಕ್ಕೆ ತಿರುಗಿದರು. ಚಂದ್ರನನ್ನು ಎತ್ತುವ ಚಲನೆ ಬಂತು. ಇಡೀ ಸಾಲು ನಿಂತಿತು. ಸರ್ರೆಂದು ಎಡಗಾಲು ಎಳೆದ ಸದ್ದು. ಹಳಬರಿಗೆ ಅದು ಅಭ್ಯಾಸವಾಗಿತ್ತು, ಸರಿ. ಆದರೆ ಶ್ರಾವಣಿಯೂ ಎಳೆದಳು.

"ಏನಮ್ಮಾ, ನೀನ್ಯಾಕೆ ನಿಂತೆ? ಕಾಲು ಯಾಕೆ ಎಳೆದೆ?" ಎಂದು ತೆಲುಗಿನಲ್ಲಿ ಕೇಳಿದೆ.

"ಮುಂದಿದ್ದ ಅಂಕಲ್ ಎಳೆದರಲ್ಲ ಮೇಡಂ, ಅದಕ್ಕೇ."

"ಯಾವ ಅಂಕಲ್?"

ಅವಳು ಆ ಮೂಲೆಯ ಕಡೆ ಕೈ ಎತ್ತಿದಳು. ಎತ್ತಿದ ಕೈ ಅರ್ಧಕ್ಕೇ ನಿಂತಿತು. ಕತ್ತಿ ಕೆಳಗೆ ಬಿತ್ತು. ಬಲಮೂಲೆಯ ರಶೀದ್ ಭಾಯಿ, ಹಳೆಯ ಮೆಕ್ಯಾನಿಕ್, ನನ್ನ ಹತ್ತಿರ ಬಂದು ಮೆಲ್ಲಗೆ, "ಮೇಡಂ, ಉಧರ್ ನಕ್ಕೋ ದೇಖೋ" ಎಂದರು. ಆ ಕಡೆ ನೋಡಬೇಡಿ ಎಂದು. ನೀಲಮ್ಮ ಮಾತ್ರ ಆ ಕಡೆಯೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ.

ನಾನು ಮೊದಲು ನನ್ನನ್ನೇ ಸಮಾಧಾನ ಮಾಡಿಕೊಂಡೆ. ಪಕ್ಕದವರನ್ನು ನೋಡಿ ಎಳೆದಿರುತ್ತಾಳೆ, ಅಷ್ಟೇ. ಆದರೆ ಇನ್ನೊಂದು ಶುರುವಾಯಿತು. ಪಾಠ ಮುಗಿದಾಗ ಶುರು ಮಾಡಿದ ಜಾಗದಲ್ಲೇ ಬಂದು ನಿಲ್ಲಬೇಕು, ಅದು ಕ್ರಮ. ನಮ್ಮ ಸಾಲು ದಿನದಿನಕ್ಕೆ ಹಿಂದೆ ಸರಿಯತೊಡಗಿತು, ಹೊಂಡದ ಕಡೆಗೆ. ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮಾರನೆಯ ದಿನ ಎಲ್ಲರೂ ಗೆರೆ ದಾಟಿದ್ದರು. ಇನ್ನೊಂದು ಗೆರೆ ಎಳೆದೆ, ಅದನ್ನೂ ದಾಟಿದರು. ಎಲ್ಲರಿಗಿಂತ ಮುಂದೆ ನೀಲಮ್ಮನ ಹೆಜ್ಜೆ.

ಅವಳು ಇಳಿದುಹೋಗಿದ್ದಳು. ಕುಪ್ಪಸ ತೋಳಿನಲ್ಲಿ ಜೋತು ಬೀಳುತ್ತಿತ್ತು. "ಊಟಾ ಮಾಡೀರೇನ್ರಿ?" ಎಂದು ಕೇಳಿದರೆ, "ಹಸಿವಿ ಇಲ್ರಿ" ಎನ್ನುವಳು. ಒಂದು ದಿನ ಬೇವಿನ ಕಟ್ಟೆಯ ಮೇಲೆ ಕೂರಿಸಿ ಕೈ ಹಿಡಿದುಕೊಂಡೆ. ಕೈ ತಣ್ಣಗಿತ್ತು.

"ನೀಲಮ್ಮಾರ, ಖರೇ ಹೇಳ್ರಿ. ನಿಮಗ ಏನ ಕಾಣಸ್ತದ ಅಲ್ಲಿ?"

"ಮತ್ತ ಯಾರು, ನಮ್ಮ ಮನಿಯವರು" ಎಂದಳು, ತರಕಾರಿಯ ಮಾತು ಹೇಳಿದಷ್ಟು ಸಲೀಸಾಗಿ. "ಮಾರಿ ಕಾಣಂಗಿಲ್ರಿ. ಬರೇ ಬೆನ್ನ. ದಿನಾ ಒಂಚೂರು ಮುಂದ ಹೊಂಟಾರ. ನಾ ಹಿಂದ ಬಿದ್ರ ಬೈತಾರಲ್ರಿ ಅವರು, ನಿಮಗ ಗೊತ್ತೈತಲ್ಲ."

"ಮುಂದ ನೀರೈತಿ, ನೀಲಮ್ಮಾರ."

"ಐತಿ" ಎಂದಳು.

ಬರಬೇಡ ಎನ್ನೋಣವೆಂದರೆ, ಅವಳು ಒಬ್ಬಳೇ ಬಂದರೆ ಏನು ಗತಿ? ಮಕ್ಕಳಿಲ್ಲ, ಹೇಳಲು ಕೇಳಲು ಯಾರೂ ಇಲ್ಲ. ಗೇಟಿಗೆ ಬೀಗವಿಲ್ಲ. ನಾನು ಒಂದು ಉಪಾಯ ಮಾಡಿದೆ. ತರಗತಿಯನ್ನೇ ತಿರುಗಿಸಿದೆ. ನಾನು ಹೊಂಡದ ಕಡೆ ಮುಖ ಮಾಡಿ ಎಲ್ಲರ ಮುಂದೆ ನಿಂತೆ, ಹಿಂದಿನ ಮೂಲೆಗಳು ಗೇಟಿನ ಕಡೆಗೆ ಹೋದವು. ಪಾಠ ಶುರುವಾಯಿತು. ಹಿಂದಕ್ಕೆ ತಿರುಗಿದೆವು, ಚಂದ್ರನನ್ನು ಎತ್ತಿದೆವು. ಯಾರೂ ನಿಲ್ಲಲಿಲ್ಲ, ಯಾರೂ ಕಾಲೆಳೆಯಲಿಲ್ಲ. ಅಬ್ಬಾ, ಗೆದ್ದೆ ಎಂದುಕೊಂಡೆ.

ಆಗ ನನ್ನ ಬೆನ್ನ ಹಿಂದೆ ಸರ್ರೆಂದು ಸದ್ದಾಯಿತು. ನಾವೆಲ್ಲ ಗೇಟಿನ ಕಡೆ ಮುಖ ಮಾಡಿದ್ದರೆ, ನೀಲಮ್ಮ ತಿರುಗದೆ ಹೊಂಡದ ಕಡೆಗೇ ಹೊರಟಿದ್ದಳು. ಕತ್ತಿ ಎತ್ತಿ, ನಿಧಾನವಾಗಿ, ಒಂದು ಹೆಜ್ಜೆಯೂ ತಪ್ಪದೆ. ಅಷ್ಟು ಸುಂದರವಾಗಿ ನಾನೂ ಮಾಡಿದವಳಲ್ಲ. ರಶೀದ್ ಭಾಯಿ ಓಡಿದರು. ಒಡೆದ ಕಟ್ಟೆಯ ಹತ್ತಿರ ಸೆರಗು ಹಿಡಿದು ಎಳೆದರು. ಒಂದು ಕಾಲಿನ ಚಪ್ಪಲಿ ನೀರಿಗೆ ಬಿತ್ತು. ಅದು ಮುಳುಗುವುದನ್ನು ನೀಲಮ್ಮ ನೋಡುತ್ತಾ ನಿಂತಳು.

"ಬಿಡ್ರಿ ಭಾಯಿ, ಅವರು ಕಾಯಾಕತ್ತಾರ" ಎಂದಳು.

ಆ ದಿನ ರಶೀದ್ ಭಾಯಿಯ ಸೊಸೆ ಅವಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಂಡಳು. ನಾನು ಮನೆಗೆ ಬಂದು ಕೂತು ಅತ್ತೆ. ಸಿಟ್ಟೂ ಬಂತು, ಸತ್ತವರ ಮೇಲೆ. ಬದುಕಿದ್ದಾಗ ಒಂದು ದಿನವೂ ನಿಂತು ಕಾಯದ ಮನುಷ್ಯ ಈಗ ನೀರಿನಲ್ಲಿ ನಿಂತು ಕಾಯುತ್ತಾನಂತೆ! ಅಳು ಮುಗಿದ ಮೇಲೆ ತಲೆ ಓಡಿತು. ನಾನು ಮಾಂತ್ರಿಕಳಲ್ಲ, ನನಗೆ ಗೊತ್ತಿರುವುದು ಸಾಲು ನಿಲ್ಲಿಸುವುದು ಒಂದೇ. ಮುಂದೆ ಯಾರಾದರೂ ಇದ್ದರೆ ಮೈ ಅವರ ಹಿಂದೆ ಹೋಗುತ್ತದೆ. ಹಿಂದೆ ಬರುವವರ ಭಾರ ಬೆನ್ನ ಮೇಲೆ ಬಿದ್ದರೆ ಮಾತ್ರ ಕಾಲು ತನ್ನ ಲೆಕ್ಕ ತಾನು ನೋಡಿಕೊಳ್ಳುತ್ತದೆ. ನಲವತ್ತು ವರ್ಷ ಸಂಸಾರ ಮಾಡಿದ ಆಕೆಯ ಹಿಂದೆ ಯಾವತ್ತೂ ಯಾರೂ ನಡೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಸಾಲನ್ನು ಮೊದಲಿನಂತೆಯೇ ನಿಲ್ಲಿಸಿದೆ, ಹೊಂಡವನ್ನು ಹಿಂದೆ ಮಾಡಿ. ನೀಲಮ್ಮನ ತೋಳು ಹಿಡಿದು ಆ ಎಡಮೂಲೆಗೆ ಕರೆದೊಯ್ದೆ.

"ಇದು ನಿಮ್ಮ ಜಾಗಾ."

"ಅಯ್ಯ, ಇದು ಅವರ ಜಾಗಾರೀ!" ಎಂದು ಗಾಬರಿಯಾಗಿ ಹಿಂದೆ ಸರಿದಳು.

"ಇವತ್ತಿನಿಂದ ನಿಮ್ಮದು. ಈ ಶ್ರಾವಣೀನ ನೋಡ್ರಿ. ಇಕಿಗೆ ಒಂದು ಹೆಜ್ಜಿನೂ ನೆನಪಿರಂಗಿಲ್ಲ. ನೀವು ಎಲ್ಲಿ ಕಾಲಿಡ್ತೀರಿ ಅಲ್ಲೇ ಇಡ್ತಾಳ. ನಿಮ್ಮ ಹಿಂದ ಇಕಿ, ಇಕಿ ಹಿಂದ ಉಳಿದವರು, ಎಲ್ಲಾರ ಹಿಂದ ನಾನು. ನೀವು ನೀರಿಗಿ ಹೋದ್ರ ನಾವೂ ನೀರಿಗೇ. ವಿಚಾರ ಮಾಡ್ರಿ."

ರಶೀದ್ ಭಾಯಿ ಹಣೆ ಒರೆಸಿಕೊಂಡರು. ಶ್ರಾವಣಿಗೆ ಅದನ್ನೇ ತೆಲುಗಿನಲ್ಲಿ ಹೇಳಿದೆ. ಅವಳು ಓಡಿಹೋಗಲಿಲ್ಲ, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಒಡೆದ ಕಟ್ಟೆಯ ಹತ್ತಿರ ಯಾರನ್ನಾದರೂ ಕಾವಲು ನಿಲ್ಲಿಸೋಣ ಎಂದು ರಶೀದ್ ಭಾಯಿ ಕೇಳಿದರು. ಬೇಡ ಎಂದೆ. ಅಲ್ಲಿ ಯಾರಾದರೂ ನಿಂತರೆ ನೀಲಮ್ಮ ಮತ್ತೆ ಅವರನ್ನು ನೋಡುತ್ತಾಳೆ.

ಶುರು ಮಾಡಿದೆವು. ಬೇವಿನಲ್ಲಿ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಹೊಂಡದ ಮೇಲೆ ಮಂಜು ಹಾಗೇ ಇತ್ತು. ಹಿಂದಕ್ಕೆ ತಿರುಗಿದೆವು. ಈಗ ಎಲ್ಲರ ಮುಂದೆ ನೀಲಮ್ಮ. ಅವಳ ಮುಂದೆ ಬರಿ ನೆಲ, ನೆಲದಾಚೆ ನೀರು. ನನಗೆ ಕಾಣುತ್ತಿದ್ದದ್ದು ಬೆನ್ನುಗಳು ಮಾತ್ರ. ಅವಳು ಹೆಜ್ಜೆ ಇಟ್ಟಳು. ಶ್ರಾವಣಿ ಇಟ್ಟಳು. ನಾವೆಲ್ಲ ಇಟ್ಟೆವು. ನಾನು ಎಳೆದಿದ್ದ ಹಳೆಯ ಗೆರೆಗಳನ್ನು ಒಂದೊಂದಾಗಿ ದಾಟಿದೆವು. ಹೆಜ್ಜೆಗಳು ಹಾಕಬೇಕಾದ್ದಕ್ಕಿಂತ ಉದ್ದವಾಗುತ್ತಿದ್ದವು. ಕೂಗಿ ನಿಲ್ಲಿಸಲೇ ಎಂದು ಗಂಟಲ ತನಕ ಬಂದಿತ್ತು. ಕೂಗಿದರೆ ಅವಳು ಬೆದರಿ ಮುಂದಕ್ಕೇ ಹೋದರೆ? ಹಲ್ಲು ಕಚ್ಚಿಕೊಂಡು ನಡೆದೆ.

ಚಂದ್ರನನ್ನು ಎತ್ತುವ ಚಲನೆ ಬಂತು. ನೀಲಮ್ಮ ಬಗ್ಗಿದಳು. ಅವಳ ಕತ್ತಿಯ ತುದಿ ಒಡೆದ ಕಟ್ಟೆಯನ್ನು ದಾಟಿ ನೀರಿನ ಮೇಲಿತ್ತು. ನಿಂತಳು. ಎಲ್ಲರೂ ನಿಂತರು. ಶ್ರಾವಣಿಯ ಒಂದು ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ.

ಆಗ ಸದ್ದು ಬಂತು. ಸರ್ರೆಂದು ಎಡಗಾಲು ಎಳೆದ ಸದ್ದು, ಆಮೇಲೆ ಗಂಟಲು ಸರಿಮಾಡಿಕೊಂಡದ್ದು. ಅದು ಮುಂದಿನಿಂದ ಬರಲಿಲ್ಲ. ನನ್ನ ಬೆನ್ನ ಹಿಂದಿನಿಂದ ಬಂತು. ಎಲ್ಲರಿಗಿಂತ ಹಿಂದೆ ಇದ್ದವಳು ನಾನು. ನಾನು ತಿರುಗಿ ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ, ಅಷ್ಟೇ ನಿಜ.

ನೀಲಮ್ಮನಿಗೂ ಕೇಳಿಸಿತು. ಅವಳ ಬೆನ್ನು ನೆಟ್ಟಗಾಯಿತು. ನೀರಿನಲ್ಲಿ ಬಿದ್ದ ಶ್ರಾವಣಿಯ ನೆರಳನ್ನೇ ನೋಡುತ್ತಾ, ಹಿಂದಕ್ಕೆ ತಿರುಗದೆ, ಗಟ್ಟಿಯಾಗಿ ಹೇಳಿದಳು:

"ಅಲ್ಲೇ ಇರ್ರಿ. ಈ ಹುಡುಗಿ ಕಾಲ ಎತ್ತಿ ನಿಂತಾಳ, ಬಿದ್ದಾಳು. ಗಡಬಡ ಮಾಡಬ್ಯಾಡ್ರಿ."

ಆಮೇಲೆ ಕತ್ತಿಯನ್ನು ಕೆಳಗಿನಿಂದ ಗೋರಿ ಮೇಲಕ್ಕೆ ತಂದಳು. ಎಲ್ಲೂ ತಡೆಯಲಿಲ್ಲ. ಹಿಮ್ಮಡಿಯ ಮೇಲೆ ಹೊರಳಿ ನಮ್ಮ ಕಡೆ ಮುಖ ಮಾಡಿದಳು. ಶ್ರಾವಣಿ ಹೊರಳಿದಳು, ರಶೀದ್ ಭಾಯಿ ಹೊರಳಿದರು, ನಾನೂ ಹೊರಳಿದೆ. ನನ್ನ ಮುಂದೆ ಗೇಟಿನ ತನಕ ಯಾರೂ ಇರಲಿಲ್ಲ. ಪಾಠ ಮುಗಿದಾಗ ಶುರು ಮಾಡಿದ ಜಾಗದಲ್ಲೇ ನಿಂತಿದ್ದೆವು.

ಕತ್ತಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆವು. ನೀಲಮ್ಮ ಎಲ್ಲರಿಗಿಂತ ಮುಂದೆ ನಡೆದು ಗೇಟನ್ನು ತೆಗೆದು ಹಿಡಿದಳು. ಶ್ರಾವಣಿ ಹೋದಳು, ಉಳಿದವರು ಹೋದರು, ರಶೀದ್ ಭಾಯಿ ಹೋದರು. ಕೊನೆಗೆ ನಾನು ದಾಟಿದೆ. ನೀಲಮ್ಮ ಗೇಟು ಬಿಡಲಿಲ್ಲ. ಖಾಲಿ ಅಂಗಳದ ಕಡೆ ನೋಡುತ್ತಾ ಹಿಡಿದೇ ನಿಂತಿದ್ದಳು. ಆಮೇಲೆ ಗದರಿದಳು:

"ಬಡಬಡ ಬರ್ರಿ. ನನಗ ಹಸಿವ್ಯಾಗೈತಿ."